ತೀರ್ಪಿಗೆ ಮುನ್ನವೇ ಮುಗಿಯುವ ಬಾಲ್ಯ

ವಿಚ್ಛೇದನದ ಅರ್ಜಿ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ದಿನ ಮಗು ಇನ್ನೂ ಎಲ್‌ಕೆಜಿಯಲ್ಲಿರುತ್ತದೆ. ಸಮನ್ಸ್ ಜಾರಿ, ತಕರಾರು ಸಲ್ಲಿಕೆ, ಸಂಧಾನದ ಯತ್ನ, ಸಾಕ್ಷ್ಯ, ಪಾಟೀಸವಾಲು, ನಡುನಡುವೆ ವಾಯಿದೆಗಳು. ಇಷ್ಟೆಲ್ಲ ಮುಗಿದು ಮಗು ಯಾರ ಬಳಿ ಇರಬೇಕೆಂಬ ಅಂತಿಮ ಆದೇಶ ಹೊರಬೀಳುವ ಹೊತ್ತಿಗೆ ಅದೇ ಮಗು ಮೂರನೆಯ ಅಥವಾ ನಾಲ್ಕನೆಯ ತರಗತಿ ದಾಟಿರುವುದು ಅಪರೂಪವೇನಲ್ಲ. ಮೇಲ್ಮನವಿಯೂ ಸೇರಿಕೊಂಡರೆ ಹೈಸ್ಕೂಲು ಸಮೀಪಿಸಿರುತ್ತದೆ. ನ್ಯಾಯಾಲಯದ ಕಡತದಲ್ಲಿ ಈ ಅವಧಿಗೆ 'ಮಧ್ಯಂತರ' ಎಂಬ ಹೆಸರಿದೆ. ಮಗುವಿನ ಪಾಲಿಗೆ ಅದೇ ಬಾಲ್ಯ.

ಬೇರೆಯಾಗುವ ದಂಪತಿಯ ಮಕ್ಕಳ ಬಗ್ಗೆ ದೇಶದಲ್ಲಿ ನಡೆಯುವ ಚರ್ಚೆಯೆಲ್ಲ ಬಹುತೇಕ ಎರಡು ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಮಗು ತಾಯಿಗೆ ಸೇರಬೇಕೋ, ತಂದೆಗೋ? ವಿದೇಶಗಳಲ್ಲಿರುವಂತೆ ಜಂಟಿ ಸುಪರ್ದಿ ಬೇಕೋ, ಬೇಡವೋ? ಇವು ಸಣ್ಣ ಪ್ರಶ್ನೆಗಳಲ್ಲ. ಆದರೆ ಅರ್ಜಿ ಸಲ್ಲಿಕೆಯಾದ ಮೊದಲ ಕೆಲವು ತಿಂಗಳಲ್ಲಿ ಏನು ನಡೆಯುತ್ತದೆ ಎಂಬುದು ಇವೆರಡಕ್ಕಿಂತ ಹೆಚ್ಚು ನಿರ್ಣಾಯಕ. ಮಗು ದೂರವಾದ ತಂದೆಯನ್ನೋ ತಾಯಿಯನ್ನೋ ಯಾವಾಗ, ಎಲ್ಲಿ ನೋಡುತ್ತದೆ, ಜೂನ್ ತಿಂಗಳ ಶಾಲಾ ಶುಲ್ಕವನ್ನು ಯಾರು ಕಟ್ಟುತ್ತಾರೆ, ಮಗುವಿನ ಮನಸ್ಸಿನಲ್ಲಿರುವುದನ್ನು ಯಾರು ಕೇಳುತ್ತಾರೆ ಎಂಬ ಮೂರು ಸಂಗತಿಗಳು ಆಗ ಇತ್ಯರ್ಥವಾಗದೆ ಹೋದರೆ, ಐದು ವರ್ಷಗಳ ನಂತರ ಬರುವ ಅತ್ಯುತ್ತಮ ತೀರ್ಪೂ ಕೇವಲ ಕಾಗದವಾಗಿ ಉಳಿಯುತ್ತದೆ. ಸುಧಾರಣೆ ಆರಂಭವಾಗಬೇಕಾದದ್ದು ಇಲ್ಲಿಂದ. ಇದಕ್ಕೆ ಬೇಕಾದ ಕಾನೂನಿನ ಬಹುಪಾಲು ಈಗಾಗಲೇ ಪುಸ್ತಕದಲ್ಲಿದೆ ಎಂಬುದೇ ವಿಪರ್ಯಾಸ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರೂಪುಗೊಂಡದ್ದು 1984ರಲ್ಲಿ. ಸಾಮಾನ್ಯ ಸಿವಿಲ್ ನ್ಯಾಯಾಲಯದ ವಾದ-ಪ್ರತಿವಾದದ ಜಿದ್ದಿನಿಂದ ಕುಟುಂಬ ಕಲಹಗಳನ್ನು ಹೊರತರಬೇಕೆಂಬ ಸದಾಶಯ ಅದರ ಹಿಂದಿತ್ತು. ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ ಎಂದು ಅದರ 13ನೇ ಕಲಂ ಹೇಳುತ್ತದೆ. ಸಮಾಲೋಚಕರನ್ನು ನೇಮಿಸಲು 6ನೇ ಕಲಂ, ವೈದ್ಯರು ಹಾಗೂ ಸಮಾಜ ಕಲ್ಯಾಣ ತಜ್ಞರ ನೆರವು ಪಡೆಯಲು 12ನೇ ಕಲಂ, ಗುಟ್ಟಾಗಿ ವಿಚಾರಣೆ ನಡೆಸಲು 11ನೇ ಕಲಂ ಅವಕಾಶ ನೀಡಿವೆ. ಆದರೆ ಇಡೀ ಕಾಯ್ದೆಯ ಉಸಿರು ಇರುವುದು ಅದರ ಪೀಠಿಕೆಯಲ್ಲಿ. ರಾಜಿ ಸಂಧಾನವನ್ನು ಉತ್ತೇಜಿಸುವುದು ಮತ್ತು ವ್ಯಾಜ್ಯಗಳ ಶೀಘ್ರ ಇತ್ಯರ್ಥ ಅದರ ಉದ್ದೇಶಗಳು. ನ್ಯಾಯಾಧೀಶರನ್ನು ಆರಿಸುವಾಗಲೂ ವಿವಾಹ ಸಂಸ್ಥೆಯನ್ನು ಉಳಿಸುವ ಬದ್ಧತೆಯುಳ್ಳವರನ್ನು ನೋಡಬೇಕೆಂದು ಹೇಳಿ, ನಂತರ ಮಕ್ಕಳ ಹಿತದ ಮಾತು ಬರುತ್ತದೆ. ಮನೆಯನ್ನು ಒಡೆಯದಂತೆ ಕಾಯುವುದು ತಪ್ಪಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ನಂಬಿದ ಸಮಾಜ ರೂಪಿಸಿದ ಕಾಯ್ದೆ ಅದು. ಆದರೆ ಉಂಡು ಮಲಗಿದರೂ ಮುಗಿಯದ ಜಗಳಗಳಿಗೆ, ಅಂದರೆ ಬೇರೆಯಾಗುವುದು ಖಚಿತವಾದ ಕುಟುಂಬಗಳಿಗೆ, ಹೇಗೆ ಗೌರವದಿಂದ ಬೇರೆಯಾಗಬೇಕು ಎಂದು ಕಲಿಸುವ ಏರ್ಪಾಡು ಅದರಲ್ಲಿ ಕಾಣುವುದಿಲ್ಲ. ಸಂಧಾನ ಯಶಸ್ವಿಯಾಗಲಿಲ್ಲ ಎಂಬ ವರದಿ ಕಡತಕ್ಕೆ ಸೇರಿದ ಕೂಡಲೇ ಸಮಾಲೋಚಕರ ಪಾತ್ರ ಮುಗಿಯುತ್ತದೆ. ಮಗುವಿಗೆ ಅವರ ಅಗತ್ಯ ಆರಂಭವಾಗುವುದೇ ಆಗ.

ಮಕ್ಕಳ ಪೋಷಕತ್ವದ ಮೂಲ ಕಾನೂನು ಇನ್ನೂ ಹಳೆಯದು. ಎಲ್ಲ ಧರ್ಮೀಯರಿಗೂ ಅನ್ವಯಿಸುವ ಪೋಷಕರು ಮತ್ತು ಪಾಲ್ಯರ ಕಾಯ್ದೆ 1890ರದು. ಹಿಂದೂಗಳಿಗೆ ಸಂಬಂಧಿಸಿದ 1956ರ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು ಸ್ವಾಭಾವಿಕ ಪೋಷಕನೆಂದೂ, ಅವನ 'ನಂತರ' ತಾಯಿಯೆಂದೂ ಹೇಳಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಸೇರಿಸಿತು. ಲೇಖಕಿ ಗೀತಾ ಹರಿಹರನ್ ಹೂಡಿದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಆ 'ನಂತರ' ಎಂಬ ಪದಕ್ಕೆ ತಂದೆಯ ಮರಣಾನಂತರ ಎಂಬ ಅರ್ಥವಷ್ಟೇ ಅಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂಬ ಅರ್ಥವೂ ಇದೆ ಎಂದು ವ್ಯಾಖ್ಯಾನಿಸಿ ತಾಯಂದಿರ ದಾರಿಯನ್ನು ಸ್ವಲ್ಪ ಸಲೀಸು ಮಾಡಿತು. 1890ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ ತಂದೆಯ ಜೊತೆಗೆ ತಾಯಿಯ ಉಲ್ಲೇಖವೂ ಬಂತು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಸಲ್ಲಿಸಿದ 257ನೇ ವರದಿ ಈ ಎರಡೂ ಕಾಯ್ದೆಗಳಿಗೆ ಸಮಗ್ರ ತಿದ್ದುಪಡಿ ಸೂಚಿಸಿತು. ತಂದೆ-ತಾಯಿ ಇಬ್ಬರೂ ಸಮಾನ ಪೋಷಕರಾಗಬೇಕು, ಜಂಟಿ ಸುಪರ್ದಿಗೆ ಕಾನೂನಿನ ಮಾನ್ಯತೆ ಸಿಗಬೇಕು, ಮಗುವಿನ ಜೀವನಾಂಶ ನಿಗದಿಗೆ ಮಾರ್ಗಸೂಚಿ ಇರಬೇಕು, ಮಧ್ಯಸ್ಥಿಕೆಗೆ ಒತ್ತು ಸಿಗಬೇಕು ಎಂಬುದು ಅದರ ಸಾರ. ವರದಿ ಸಲ್ಲಿಕೆಯಾಗಿ ದಶಕ ಕಳೆದರೂ ಈ ಶಿಫಾರಸುಗಳು ಕಾಯ್ದೆಯ ರೂಪ ತಾಳಿಲ್ಲ. 1956ರ ಕಾಯ್ದೆಯಲ್ಲಿ ಆ 'ನಂತರ' ಎಂಬ ಪದ ಇದ್ದಲ್ಲೇ ಇದೆ.

ಸಂಸತ್ತು ಕೆಲಸ ಮಾಡಲೆಂದು ಕಾಯುತ್ತ ಕುಳಿತರೆ ಈಗ ನ್ಯಾಯಾಲಯದ ಬಾಗಿಲಲ್ಲಿರುವ ಮಕ್ಕಳು ಮತದಾರರಾಗಿಬಿಡುತ್ತಾರೆ. ಆದ್ದರಿಂದ ಇರುವ ಕಾನೂನಿನಲ್ಲಿ ಆಗುತ್ತಿರುವುದೇನು ಎಂಬುದನ್ನು ನೋಡುವುದು ಮೇಲು.

ಕಾಲವೇ ಒಂದು ಪಕ್ಷ

ದಾಂಪತ್ಯ ಬಿರುಕು ಬಿಟ್ಟಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಬೆಂಗಳೂರಿನ ಬಾಡಿಗೆ ಮನೆಯಿಂದ ತಾಯಿ ಮಗುವಿನೊಂದಿಗೆ ಶಿವಮೊಗ್ಗೆಯ ತವರಿಗೆ ಹೋಗುತ್ತಾಳೆ, ಅಥವಾ ತಂದೆ ಮಗುವನ್ನು ಹುಬ್ಬಳ್ಳಿಯ ಅಜ್ಜಿ ಮನೆಗೆ ಬಿಟ್ಟು ಬರುತ್ತಾನೆ. 1890ರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಪೋಷಕತ್ವದ ಅರ್ಜಿ ಸಲ್ಲಬೇಕು. ಹಾಗಾಗಿ ಮೊದಲ ಜಗಳ ಮಗುವಿನ ಹಿತದ ಬಗ್ಗೆ ಅಲ್ಲ, ಮಗುವಿನ ಊರು ಯಾವುದು ಎಂಬ ಬಗ್ಗೆ. ಇದರ ಜೊತೆಗೆ ವಿಚ್ಛೇದನದ ಅರ್ಜಿ ಒಂದು ಊರಿನಲ್ಲಿ, ಜೀವನಾಂಶದ ಅರ್ಜಿ ಇನ್ನೊಂದರಲ್ಲಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಮತ್ತೊಂದು. ಕೆಲವೊಮ್ಮೆ ಕ್ರೌರ್ಯದ ಕ್ರಿಮಿನಲ್ ಪ್ರಕರಣವೂ ಇರುತ್ತದೆ. ಒಂದೇ ಕುಟುಂಬ ನಾಲ್ಕು ನ್ಯಾಯಾಲಯಗಳಲ್ಲಿ ನಾಲ್ಕು ದಿನಾಂಕಗಳನ್ನು ಹಿಡಿದು ಓಡಾಡುತ್ತದೆ. ಒಂದೆಡೆ ತಾತ್ಕಾಲಿಕ ಸುಪರ್ದಿಯ ಆದೇಶವಾದರೆ ಇನ್ನೊಂದೆಡೆಗೆ ಅದರ ಸುದ್ದಿ ಮುಟ್ಟುವುದು ವಕೀಲರು ಪ್ರತಿ ಸಲ್ಲಿಸಿದಾಗಲೇ. ನ್ಯಾಯಾಲಯಗಳು ಗಣಕೀಕರಣಗೊಂಡಿವೆ, ಪ್ರಕರಣದ ಮುಂದಿನ ದಿನಾಂಕ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ಒಂದೇ ಮಗುವಿಗೆ ಸಂಬಂಧಿಸಿದ ಕಡತಗಳನ್ನು ಒಂದೇ ದಾರಕ್ಕೆ ಪೋಣಿಸುವ ಕೆಲಸ ಇನ್ನೂ ಕಕ್ಷಿದಾರರದ್ದೇ.

ಈ ಅವಧಿಯಲ್ಲಿ ಮಗು ಯಾರ ಬಳಿ ಇದೆಯೋ ಅವರಿಗೆ ವಿಳಂಬ ಲಾಭದಾಯಕ. ಅಂತಿಮ ತೀರ್ಪು ಬರೆಯುವ ನ್ಯಾಯಾಧೀಶರು, ಮಗು ಒಂದು ಮನೆಗೆ, ಒಂದು ಶಾಲೆಗೆ, ಒಂದು ಊರಿಗೆ ಹೊಂದಿಕೊಂಡಿದೆ, ಅದನ್ನು ಕಿತ್ತು ಬೇರೆಡೆ ನೆಡುವುದು ಹಿತವಲ್ಲ ಎಂದು ಭಾವಿಸಿದರೆ ಅದು ನ್ಯಾಯವೇ. ಆದರೆ ಹೊಂದಿಕೊಳ್ಳಲು ಆ ಐದು ವರ್ಷ ಒದಗಿಸಿದ್ದು ವಾಯಿದೆಗಳು. ಹೀಗೆ ಕಾಲವೇ ಒಂದು ಪಕ್ಷವಾಗಿ, ಒಬ್ಬರ ಪರವಾಗಿ ವಾದ ಮಂಡಿಸಿಬಿಡುತ್ತದೆ. ಮಗುವನ್ನು ಮೊದಲು ಎತ್ತಿಕೊಂಡು ಹೋದವರೇ ಅರ್ಧ ಗೆದ್ದಂತೆ ಎಂಬ ಪಾಠವನ್ನು ವ್ಯವಸ್ಥೆ ಮೌನವಾಗಿ ಕಲಿಸುತ್ತಿದೆ. ಅದನ್ನು ತಂದೆಯರೂ ಕಲಿತಿದ್ದಾರೆ, ತಾಯಂದಿರೂ ಕಲಿತಿದ್ದಾರೆ.

ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆ ತನ್ನ ಮೊದಲ ಕಲಮಿನಲ್ಲೇ, ವಿಳಂಬವು ಮಗುವಿನ ಹಿತಕ್ಕೆ ಧಕ್ಕೆ ತರಬಹುದೆಂಬ ತತ್ತ್ವವನ್ನು ನ್ಯಾಯಾಲಯ ನೆನಪಿಟ್ಟುಕೊಳ್ಳಬೇಕೆಂದು ಹೇಳುತ್ತದೆ. ಅಲ್ಲಿ ವಿಳಂಬ ಇಲ್ಲವೆಂದಲ್ಲ. ಕನಿಷ್ಠ ಪಕ್ಷ ವಾಯಿದೆ ಕೇಳಿದವರು ಕಾರಣ ಹೇಳಬೇಕಾಗುತ್ತದೆ. ಭಾರತದಲ್ಲೂ ಗಡುವುಗಳು ಇಲ್ಲದಿಲ್ಲ. 2001ರ ತಿದ್ದುಪಡಿಗಳ ಪ್ರಕಾರ ವಿವಾಹ ವ್ಯಾಜ್ಯ ನಡೆಯುತ್ತಿರುವಾಗ ಮಕ್ಕಳ ಪೋಷಣೆ ಮತ್ತು ಶಿಕ್ಷಣ ವೆಚ್ಚದ ಅರ್ಜಿಯನ್ನು, ನೋಟಿಸ್ ತಲುಪಿದ 60 ದಿನಗಳಲ್ಲಿ 'ಸಾಧ್ಯವಾದಷ್ಟು ಮಟ್ಟಿಗೆ' ಇತ್ಯರ್ಥಪಡಿಸಬೇಕು. ಆ 'ಸಾಧ್ಯವಾದಷ್ಟು' ಎಂಬ ಪದದಲ್ಲಿ ವರ್ಷಗಟ್ಟಲೆ ಕಾಲ ಅಡಗಿ ಕೂರುತ್ತದೆ. ಮಗುವನ್ನು ಭೇಟಿಯಾಗುವ ಅರ್ಜಿಗೆ ಈ ಗಡುವೂ ಇಲ್ಲ.

ಭೇಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಷ್ಟು ಗಂಟೆ ಎಂಬ ಬಗೆಯ ಮಧ್ಯಂತರ ಆದೇಶ ಆಗುತ್ತದೆ ಎಂದುಕೊಂಡರೂ, ಆ ಭೇಟಿ ನಡೆಯಬೇಕಾದದ್ದು ಎಲ್ಲಿ? ಮನೆಗೆ ಕಳುಹಿಸಲು ಒಬ್ಬರಿಗೆ ಭಯ, ಮನೆಗೆ ಬರಲು ಇನ್ನೊಬ್ಬರಿಗೆ ಅವಮಾನ. ಉಳಿಯುವುದು ನ್ಯಾಯಾಲಯದ ಆವರಣ ಇಲ್ಲವೇ ಯಾವುದಾದರೂ ಮಾಲ್. ಕರಿಕೋಟುಗಳ ನಡುವೆ, ಪೊಲೀಸರು ಆರೋಪಿಗಳನ್ನು ಕರೆದೊಯ್ಯುವ ಮೊಗಸಾಲೆಯಲ್ಲಿ ಆರು ವರ್ಷದ ಮಗು ತಿಂಗಳಿಗೆರಡು ಬಾರಿ ತಂದೆಯನ್ನು ನೋಡುತ್ತದೆ ಎಂದರೆ, ಕೆಲವೇ ಭೇಟಿಗಳಲ್ಲಿ ತಂದೆ ಎಂಬ ಪದಕ್ಕೂ ಆ ಕಟ್ಟಡಕ್ಕೂ ನಂಟು ಬೆಸೆದುಕೊಳ್ಳುತ್ತದೆ. ನಂತರ ಮಗು ಬರಲು ಒಲ್ಲೆ ಎನ್ನುತ್ತದೆ. ಒಲ್ಲೆ ಎಂದದ್ದೇ ಮುಂದಿನ ಅರ್ಜಿಗೆ ಸಾಕ್ಷ್ಯ. ಅಂಗನವಾಡಿ, ಸರ್ಕಾರಿ ಶಾಲೆ, ಗ್ರಂಥಾಲಯಗಳನ್ನು ರಾಜ್ಯದ ಉದ್ದಗಲಕ್ಕೂ ಕಟ್ಟಿರುವ ಸರ್ಕಾರಕ್ಕೆ ಶನಿವಾರ ಮಧ್ಯಾಹ್ನ ಎರಡು ಕೋಣೆ, ಕೆಲವು ಆಟಿಕೆ, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆಯನ್ನು ಒದಗಿಸುವುದು ಹೊರಲಾರದ ಹೊರೆಯಲ್ಲ. ತಾಲ್ಲೂಕು ಮಟ್ಟದಲ್ಲಿ ಇಂಥದ್ದೊಂದು ಸ್ಥಳವಿದ್ದರೆ ನೂರಾರು ಮೈಲಿ ದೂರದ ಕೌಟುಂಬಿಕ ನ್ಯಾಯಾಲಯಕ್ಕೆ ಮಗುವನ್ನು ಬಸ್ಸಿನಲ್ಲಿ ಕರೆತರುವ ಪ್ರಮೇಯವೂ ತಪ್ಪುತ್ತದೆ. ದೂರದಲ್ಲಿರುವ ಪೋಷಕರಿಗೆ ವಿಡಿಯೊ ಕರೆಯ ಮೂಲಕವಾದರೂ ನಿಯಮಿತ ಸಂಪರ್ಕ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿಯ ಮೊದಲ ದಿನವೇ ಅಂಥ ಕರೆಗೆ ಆದೇಶ ಮಾಡಲು ಯಾವ ಕಟ್ಟಡವೂ ಬೇಕಿಲ್ಲ.

ಎಲ್ಲ ಭೇಟಿಯೂ ನಿರಪಾಯಕಾರಿಯಲ್ಲ ಎಂಬುದನ್ನೂ ಮರೆಯಲಾಗದು. ಹೊಡೆತ ಬಡಿತದಿಂದ ತಪ್ಪಿಸಿಕೊಂಡು ಬಂದ ತಾಯಿಗೆ, ಮಗುವಿನ ಭೇಟಿ ಎಂದರೆ ಹಳೆಯ ಹಿಂಸೆ ಮತ್ತೆ ಬಾಗಿಲು ತಟ್ಟುವ ದಿನವಾಗಬಹುದು. ಮೇಲ್ವಿಚಾರಣೆಯ ಕೋಣೆ ಬೇಕಾಗುವುದು ಅದಕ್ಕಾಗಿಯೂ ಹೌದು.

ಮಗುವಿನ ಮಾತು ಕೇಳುವವರಾರು?

ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯದಲ್ಲಿ ತಂದೆಗೆ ವಕೀಲರಿರುತ್ತಾರೆ, ತಾಯಿಗೆ ವಕೀಲರಿರುತ್ತಾರೆ, ಕೆಲವೊಮ್ಮೆ ಅಜ್ಜ-ಅಜ್ಜಿಗೂ. ಮಗುವಿಗೆ ಮಾತ್ರ ಯಾರೂ ಇಲ್ಲ. ಮಕ್ಕಳು ತಂದೆ-ತಾಯಿಯ ಸೊತ್ತಲ್ಲ, ಆಟಿಕೆಗಳೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ಆದರೂ ವಿಚಾರಣೆಯ ರೀತಿ ಮಾತ್ರ ಸೊತ್ತಿನ ವ್ಯಾಜ್ಯದ್ದೇ: ಇಬ್ಬರು ಹಕ್ಕುದಾರರು, ನಡುವೆ ಒಂದು ವಸ್ತು.

ತನ್ನ ಇಷ್ಟವನ್ನು ವಿವೇಚನೆಯಿಂದ ಹೇಳಬಲ್ಲ ವಯಸ್ಸಿನ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಅದನ್ನೇ ಹೇಳುತ್ತದೆ. ಹೀಗಾಗಿ ನ್ಯಾಯಾಧೀಶರು ಮಗುವನ್ನು ಕೊಠಡಿಗೆ ಕರೆದು ಮಾತಾಡಿಸುವುದುಂಟು. ದಿನಕ್ಕೆ ಹತ್ತಾರು ಪ್ರಕರಣಗಳ ನಡುವೆ ಸಿಗುವ ಹತ್ತು ನಿಮಿಷದಲ್ಲಿ, ಅಪರಿಚಿತ ಮೇಜಿನ ಎದುರು, ಹೊರಗೆ ಕುರ್ಚಿಯಲ್ಲಿ ಕುಳಿತಿರುವ ಒಬ್ಬರೊಂದಿಗೆ ಸಂಜೆ ಮನೆಗೆ ಹೋಗಬೇಕಾದ ಮಗು ಏನು ಹೇಳೀತು? ಹೇಳಿಕೊಟ್ಟದ್ದನ್ನು ಹೇಳುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಇನ್ನೊಬ್ಬ ಪೋಷಕರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವ ಪ್ರವೃತ್ತಿಯ ಬಗ್ಗೆ ಸುಪ್ರೀಂ ಕೋರ್ಟ್ 2017ರಲ್ಲಿ ಆತಂಕ ವ್ಯಕ್ತಪಡಿಸಿತ್ತು. ಅದೇ ನ್ಯಾಯಾಲಯ 2024ರ ಮೇ ತಿಂಗಳಲ್ಲಿ, ಪೋಷಕರಲ್ಲಿ ಒಬ್ಬರಿಗೆ ಆತುರದಿಂದ ಆ ಹಣೆಪಟ್ಟಿ ಹಚ್ಚಬಾರದೆಂದೂ ಎಚ್ಚರಿಸಿತು. ಎರಡೂ ಸರಿ. ಯಾವ ಮಗು ನಿಜವಾಗಿ ಹೆದರಿದೆ, ಯಾವ ಮಗುವಿಗೆ ಹೆದರಲು ಹೇಳಿಕೊಡಲಾಗಿದೆ ಎಂದು ತಿಳಿಯಲು ಮಾತ್ರ ಹತ್ತು ನಿಮಿಷ ಸಾಲದು.

ಅದಕ್ಕಾಗಿಯೇ ಇರುವುದು ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 12ನೇ ಕಲಂ. ಮಕ್ಕಳೊಡನೆ ಕೆಲಸ ಮಾಡಿ ಗೊತ್ತಿರುವ ಸಮಾಜ ಕಾರ್ಯಕರ್ತರೋ ಮನಶ್ಶಾಸ್ತ್ರಜ್ಞರೋ ಎರಡೂ ಮನೆಗಳನ್ನು ನೋಡಿ, ಶಿಕ್ಷಕರನ್ನು ಮಾತಾಡಿಸಿ, ಮಗುವಿನೊಂದಿಗೆ ಕೆಲವು ಬಾರಿ ಕುಳಿತು ಒಂದು ವರದಿ ಕೊಟ್ಟರೆ ಪಾಟೀಸವಾಲಿನ ಅನೇಕ ದಿನಗಳು ಉಳಿಯುತ್ತವೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಲ್ಲದ ಅನುಕೂಲವಿದೆ. ಮಕ್ಕಳ ಮನೋವೈದ್ಯಕೀಯದಲ್ಲಿ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಅದು ನಡೆಸುವ 'ಸಂವಾದ್' ಎಂಬ ಘಟಕ ನ್ಯಾಯಾಂಗದವರಿಗೂ ತರಬೇತಿ ಕೊಡುತ್ತದೆ. ಆದರೆ ಪ್ರತಿ ಜಿಲ್ಲೆಯ ಪ್ರತಿ ಮಗುವನ್ನೂ ಹೊಸೂರು ರಸ್ತೆಗೆ ಕಳುಹಿಸಲಾಗದು. ಬೇಕಾದದ್ದು ಆ ಜ್ಞಾನ ಕಲಬುರಗಿ, ಚಾಮರಾಜನಗರಗಳ ನ್ಯಾಯಾಲಯಗಳಿಗೆ ಕಾಯಂ ಹುದ್ದೆಯ ರೂಪದಲ್ಲಿ ತಲುಪುವುದು. ಇಂದು ಬಂದು ನಾಳೆ ಹೋಗುವ ಗೌರವಧನದ ಸಮಾಲೋಚಕರಿಗೆ ಮಗು ತನ್ನ ಮನಸ್ಸು ಬಿಚ್ಚುವುದಿಲ್ಲ, ವಯಸ್ಕರೇ ಬಿಚ್ಚುವುದಿಲ್ಲ. ಸಮಾಲೋಚಕರ ಸಂಖ್ಯೆ ಮತ್ತು ವರ್ಗವನ್ನು ಹೈಕೋರ್ಟ್ ಜೊತೆ ಸಮಾಲೋಚಿಸಿ ನಿರ್ಧರಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ವಕೀಲರ ವಿಷಯವೂ ಹಾಗೆಯೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಉಚಿತ ಕಾನೂನು ನೆರವಿಗೆ ಅರ್ಹರ ಪಟ್ಟಿಯಲ್ಲಿ ಮಹಿಳೆಯರ ಜೊತೆಗೆ ಮಕ್ಕಳೂ ಇದ್ದಾರೆ, ಆದಾಯದ ಮಿತಿಯಿಲ್ಲದೆ. ತೀವ್ರ ತಕರಾರಿರುವ ಪ್ರಕರಣಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಗುವಿಗೇ ಒಬ್ಬ ವಕೀಲರನ್ನು ನೇಮಿಸಲು ಅಡ್ಡಿಯೇನಿಲ್ಲ. ಆಸ್ಟ್ರೇಲಿಯಾದಲ್ಲಿ ಮಗುವಿನ ಸ್ವತಂತ್ರ ವಕೀಲರೆಂಬ ಪದ್ಧತಿ ಬಹುಕಾಲದಿಂದ ನಡೆಯುತ್ತಿದೆ. ಇಲ್ಲಿ ಆ ನೆರವು ಸಾಮಾನ್ಯವಾಗಿ ತಾಯಿಯ ಅರ್ಜಿ ಬರೆದುಕೊಡುವಲ್ಲಿಗೆ ನಿಲ್ಲುತ್ತದೆ. ಅದು ಅಗತ್ಯ. ಆದರೆ ತಾಯಿಯ ಹಿತ, ಮಗುವಿನ ಹಿತ ಯಾವಾಗಲೂ ಒಂದೇ ಎಂದು ಭಾವಿಸುವುದು ತಂದೆಯ ಹಿತ, ಮಗುವಿನ ಹಿತ ಒಂದೇ ಎಂದು ಭಾವಿಸಿದಷ್ಟೇ ತಪ್ಪು.

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರದ ಪ್ರಸ್ತಾಪ ಇಲ್ಲಿ ಸೂಕ್ತ. ಹಟ ಹಿಡಿದ ಗಂಡ-ಹೆಂಡತಿಯನ್ನು ಎದುರುಬದುರು ಕೂರಿಸಿ ಮಾತಿಗೆಳೆಯುವ ಕೆಲಸದಲ್ಲಿ ಆ ಕೇಂದ್ರ ಸಂಪಾದಿಸಿದ ಅನುಭವ ದೊಡ್ಡದು. ಆದರೆ ಮಧ್ಯಸ್ಥಿಕೆಯಲ್ಲಿ ಹಣದ ಲೆಕ್ಕ ಸಾಲುಸಾಲಾಗಿ ಬರೆದು ಮಗುವಿಗೆ ಒಂದು ವಾಕ್ಯ ಮೀಸಲಿಟ್ಟರೆ ಒಪ್ಪಂದ ಮುಂದಿನ ದಸರಾ ರಜೆಯ ತನಕವೂ ಬಾಳದು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ ಎಂದು 2017ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅದಕ್ಕೆ ಹಾಕಿದ ಷರತ್ತುಗಳಲ್ಲಿ ಮಗುವಿನ ಸುಪರ್ದಿ ನಿಜವಾಗಿ ಇತ್ಯರ್ಥವಾಗಿರಬೇಕು ಎಂಬುದೂ ಒಂದು. ಆ 'ನಿಜವಾಗಿ' ಎಂಬುದನ್ನು ಪರೀಕ್ಷಿಸಲು ಒಂದು ನಮೂನೆ ಇದ್ದರೆ ಸಾಕು. ಹಬ್ಬ ಯಾರ ಮನೆಯಲ್ಲಿ, ಜ್ವರ ಬಂದರೆ ಯಾರಿಗೆ ಮೊದಲು ಫೋನ್, ಶಾಲೆಯ ಪೋಷಕರ ಸಭೆಗೆ ಯಾರು, ಊರು ಬದಲಿಸುವ ಮೊದಲು ಎಷ್ಟು ದಿನಗಳ ಸೂಚನೆ, ಮರುಮದುವೆಯಾದರೆ ಏನು? ಇವಕ್ಕೆ ಉತ್ತರ ಬರೆಯದೆ ಸಹಿ ಬೀಳಬಾರದು.

ಜೀವನಾಂಶ: ಆದೇಶ ಒಂದು, ವಸೂಲಿ ಇನ್ನೊಂದು

ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂಬುದು ಕರ್ನಾಟಕದ ಹಳ್ಳಿಗಳಲ್ಲೂ ಪರಿಚಿತವಾಗಿದ್ದ ಸಂಖ್ಯೆ. 2024ರ ಜುಲೈ 1ರಿಂದ ಆ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಸಂಖ್ಯೆ ಬದಲಾಯಿತು, ವಸೂಲಿಯ ಕಷ್ಟ ಬದಲಾಗಲಿಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ಕ್ಷೇತ್ರದಲ್ಲಿ ಮೈಲಿಗಲ್ಲು. ಇಬ್ಬರೂ ತಮ್ಮ ಆಸ್ತಿ, ಆದಾಯ, ಹೊಣೆಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು ಮತ್ತು ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕು ಎಂದು ಅದು ಸ್ಪಷ್ಟಪಡಿಸಿತು. ಎರಡನೆಯ ಅಂಶ ಮುಖ್ಯವಾದುದು. ಎಳೆದಾಡಿದಷ್ಟೂ ಉಳಿತಾಯ ಎಂಬ ಲೆಕ್ಕಾಚಾರಕ್ಕೆ ಅದು ಪೆಟ್ಟು ಕೊಟ್ಟಿತು. ಸಂಬಳದ ಚೀಟಿ ಇರುವ ಸಾಫ್ಟ್‌ವೇರ್ ಉದ್ಯೋಗಿಯ ಆದಾಯ ಈಗ ಬೇಗ ತಿಳಿಯುತ್ತದೆ. ನಗದಿನಲ್ಲೇ ವ್ಯವಹಾರ ನಡೆಸುವ ಅಂಗಡಿಯವರು, ಗುತ್ತಿಗೆದಾರರು, ಬಾಡಿಗೆ ವಸೂಲು ಮಾಡುವವರು, ತಂದೆಯ ಹೆಸರಿನಲ್ಲಿ ಜಮೀನು ಉಳಿಸಿಕೊಂಡವರು ಪ್ರಮಾಣಪತ್ರದಲ್ಲಿ ಬಡವರಾಗಿಯೇ ಉಳಿಯುತ್ತಾರೆ.

ಆದೇಶವಾದ ಮೇಲಿನ ಕತೆ ಬೇರೆ. ಬಾಕಿ ಉಳಿಸಿಕೊಂಡರೆ ತಾಯಿ ಪುನಃ ಅರ್ಜಿ ಹಾಕಬೇಕು, ಅದೂ ಬಾಕಿಯಾದ ಒಂದು ವರ್ಷದೊಳಗೆ. ವಾರಂಟ್ ಹೊರಟರೂ ಪೊಲೀಸರಿಗೆ ವಿಳಾಸ ಸಿಗುವುದಿಲ್ಲ, ಕೊನೆಗೆ ಒಂದು ತಿಂಗಳ ಸೆರೆವಾಸವಾದರೂ ಕೈಗೆ ಹಣ ಬರುವುದಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನಲ್ಲಿ ಹೆಚ್ಚು ಉಪಯುಕ್ತವಾದ ಅಸ್ತ್ರವೊಂದಿದೆ. ಹಣ ಕೊಡದಿದ್ದರೆ ಉದ್ಯೋಗದಾತರೇ ಸಂಬಳದ ಒಂದು ಭಾಗವನ್ನು ನೇರವಾಗಿ ಸಂತ್ರಸ್ತೆಗೆ ಪಾವತಿಸುವಂತೆ ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು. ಬಾಕಿಯಾದ ಮೇಲೆ ಬಳಸುವ ಈ ಅಸ್ತ್ರವನ್ನು ಮೊದಲ ತಿಂಗಳಿನಿಂದಲೇ ಎಲ್ಲ ಜೀವನಾಂಶ ಆದೇಶಗಳಿಗೂ ವಿಸ್ತರಿಸುವುದು ಶಾಸಕಾಂಗ ಮಾಡಬೇಕಾದ ಕೆಲಸ. ಮಗುವಿನ ಪಾಲಿನ ಹಣವನ್ನು ಸರ್ಕಾರಿ ಸಂಸ್ಥೆಯೊಂದು ವಸೂಲು ಮಾಡಿ ಕೊಡುವ ಪದ್ಧತಿ ಆಸ್ಟ್ರೇಲಿಯಾದಲ್ಲಿ 1988ರಿಂದಲೇ ಇದೆ. ಇಲ್ಲಿ ವಸೂಲಿಗಾರಳಾಗಿ ಅಲೆಯುವುದು ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಿಯೇ.

ಇನ್ನೊಂದು ಅಸಂಗತಿ ವಯಸ್ಸಿನದು. 144ನೇ ಕಲಮಿನ ರಕ್ಷಣೆ, ಅಂಗವೈಕಲ್ಯ ಮೊದಲಾದ ಸಂದರ್ಭಗಳನ್ನು ಬಿಟ್ಟರೆ, ಮಗು ಪ್ರಾಪ್ತವಯಸ್ಕನಾಗುವ ದಿನಕ್ಕೆ ನಿಲ್ಲುತ್ತದೆ. ಹದಿನೆಂಟು ತುಂಬುವುದು ಪಿಯುಸಿ ಮುಗಿದು ಸಿಇಟಿ ಕೌನ್ಸೆಲಿಂಗ್ ಬರುವ ಹೊತ್ತಿಗೆ, ಅಂದರೆ ಖರ್ಚು ದಿಢೀರನೆ ಏರುವ ಕಾಲಕ್ಕೆ. ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮಗ ಮೊದಲ ಪದವಿ ಮುಗಿಸುವವರೆಗೂ ಶಿಕ್ಷಣ ವೆಚ್ಚ ಭರಿಸಬೇಕೆಂದು ಆದೇಶಿಸಿತು. ಆ ಮೆಟ್ಟಿಲವರೆಗೆ ಹೋಗಲಾಗದ ತಾಯಂದಿರ ಮಕ್ಕಳಿಗೆ ಅದೇ ನಿಯಮ ತಾನಾಗಿ ದಕ್ಕಬೇಕಾದರೆ ಕಾಯ್ದೆಯೇ ಬದಲಾಗಬೇಕು.

ಜಂಟಿ ಸುಪರ್ದಿಯ ಬೇಡಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಿಂಗಳಿಗೆ ನಾಲ್ಕಾರು ಗಂಟೆ ಮಾತ್ರ ಮಗುವನ್ನು ಕಾಣುವ ತಂದೆಯರ ನೋವು ನಿಜವಾದದ್ದು. ಸಂಪರ್ಕ ಕಡಿದಷ್ಟೂ ಜೀವನಾಂಶ ಕೊಡುವ ಮನಸ್ಸೂ ಕುಗ್ಗುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಸಮಪಾಲು ಎಂಬುದು ಪೋಷಕರಿಗೆ ನ್ಯಾಯವಾಗಿ ಕಂಡ ಮಾತ್ರಕ್ಕೆ ಮಗುವಿಗೆ ಹಿತವಾಗಬೇಕಿಲ್ಲ. ಒಬ್ಬರು ವೈಟ್‌ಫೀಲ್ಡ್‌ನಲ್ಲಿ, ಇನ್ನೊಬ್ಬರು ಕೆಂಗೇರಿಯಲ್ಲಿ ಇದ್ದರೆ ವಾರದ ನಡುವೆ ಮನೆ ಬದಲಿಸುವ ಮಗುವಿನ ದಿನ ಶಾಲಾ ವಾಹನದಲ್ಲೇ ಕಳೆಯುತ್ತದೆ. ಸಮಾನ ಹೊಣೆಗಾರಿಕೆಯನ್ನು ಪೂರ್ವಭಾವಿಯಾಗಿ ಊಹಿಸಿಕೊಳ್ಳಬೇಕೆಂದು 2006ರಲ್ಲಿ ಕಾನೂನು ಮಾಡಿದ್ದ ಆಸ್ಟ್ರೇಲಿಯಾ, ಅದು ಸಮಾನ ಕಾಲದ ಹಕ್ಕೆಂದು ತಪ್ಪಾಗಿ ಅರ್ಥೈಸಲ್ಪಟ್ಟು ಮಕ್ಕಳ ಸುರಕ್ಷತೆಗೆ ತೊಡಕಾಗುತ್ತಿದೆ ಎಂಬ ಟೀಕೆಯ ನಂತರ ಆ ಊಹೆಯನ್ನೇ ಕೈಬಿಟ್ಟಿತು. ತಿದ್ದುಪಡಿ 2024ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಬೇರೆಯವರು ಪ್ರಯೋಗಿಸಿ ಹಿಂತೆಗೆದುಕೊಂಡದ್ದನ್ನು ಇಲ್ಲಿ ಹೊಸದಾಗಿ ತರುವ ಮುನ್ನ ಯೋಚಿಸುವುದು ಒಳ್ಳೆಯದು.

ಸಾಗರದಾಚೆಯ ಕನ್ನಡಿಗರ ಮನೆಗಳಲ್ಲಿ ಈ ಸಮಸ್ಯೆ ಇನ್ನೂ ಕಗ್ಗಂಟು. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹುಟ್ಟಿದ ಮಗುವಿನೊಂದಿಗೆ ತಾಯಿ ಮೈಸೂರಿಗೆ ಮರಳುತ್ತಾಳೆ. ಅಲ್ಲಿನ ನ್ಯಾಯಾಲಯ ಮಗುವನ್ನು ವಾಪಸು ಕಳುಹಿಸಲು ಆದೇಶಿಸುತ್ತದೆ. ತಂದೆ ಇಲ್ಲಿನ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಾನೆ. ಇಂಥ ಮಕ್ಕಳ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಬ��ಕೆಂದು ಕಾನೂನು ಆಯೋಗ 2009ರಲ್ಲೇ ಶಿಫಾರಸು ಮಾಡಿತ್ತು, 2016ರಲ್ಲಿ ಕರಡು ಮಸೂದೆಯೂ ಸಿದ್ಧವಾಗಿತ್ತು. ದೌರ್ಜನ್ಯದಿಂದ ಓಡಿಬಂದ ತಾಯಂದಿರನ್ನು ಅಪಹರಣಕಾರರಂತೆ ಕಾಣಬಾರದೆಂಬ ಆಕ್ಷೇಪಕ್ಕೆ ತೂಕವಿತ್ತು, ಭಾರತ ಸೇರಲಿಲ್ಲ. ವಿದೇಶಿ ಆದೇಶವೂ ಪರಿಗಣಿಸಬೇಕಾದ ಒಂದು ಅಂಶವಷ್ಟೇ, ಮಗುವಿನ ಹಿತವೇ ಅಂತಿಮ ಎಂಬ 2017ರ ಸುಪ್ರೀಂ ಕೋರ್ಟ್ ನಿಲುವೇ ಸದ್ಯ ದಾರಿದೀಪ. ಒಪ್ಪಂದ ಬೇಡವೆಂದರೆ ಅದರ ಬದಲಿಗೆ ತ್ವರಿತವಾಗಿ ತೀರ್ಮಾನಿಸುವ ದೇಶೀಯ ಏರ್ಪಾಡು ಬೇಕಿತ್ತು. ಅದೂ ಇಲ್ಲದಿರುವುದರಿಂದ ಇಲ್ಲಿಯೂ ಕಾಲವೇ ತೀರ್ಪುಗಾರ.

ಕೌಟುಂಬಿಕ ನ್ಯಾಯಾಲಯಗಳ ಕಾರ್ಯವಿಧಾನಕ್ಕೆ ನಿಯಮ ರೂಪಿಸುವ ಅಧಿಕಾರವನ್ನು ಕಾಯ್ದೆಯ 21ನೇ ಕಲಂ ಹೈಕೋರ್ಟ್‌ಗೇ ನೀಡಿದೆ. ಮಗು ಇರುವ ಪ್ರತಿ ಪ್ರಕರಣದಲ್ಲಿ, ವಿಚ್ಛೇದನದ ವಾದಕ್ಕೆ ಮುನ್ನ, ಭೇಟಿ ಮತ್ತು ಖರ್ಚಿನ ಮಧ್ಯಂತರ ಆದೇಶಕ್ಕೆ ನಿಗದಿತ ದಿನ ಇಡುವುದು. ಒಂದೇ ಕುಟುಂಬದ ಅರ್ಜಿಗಳನ್ನು ಸಾಧ್ಯವಿದ್ದಲ್ಲೆಲ್ಲ ಒಬ್ಬ ನ್ಯಾಯಾಧೀಶರ ಮುಂದೆ ತರುವುದು. ಭೇಟಿಯ ಆದೇಶವನ್ನು ಸಕಾರಣವಿಲ್ಲದೆ ತಪ್ಪಿಸಿದರೆ ತಪ್ಪಿದಷ್ಟು ಕಾಲವನ್ನು ಮುಂದಿನ ರಜೆಯಲ್ಲಿ ತುಂಬಿಕೊಡುವುದು ಇವೆಲ್ಲ ನಿಯಮಗಳ ಮಟ್ಟದಲ್ಲೇ ಆಗಬಹುದಾದ ಕೆಲಸಗಳು. ಇನ್ನು ಬೇಸಿಗೆ ರಜೆ. ದೂರದ ಪೋಷಕರೊಂದಿಗೆ ಮಗು ಕೆಲವು ದಿನ ಒಟ್ಟಿಗೆ ಕಳೆಯಬಹುದಾದ ಕಾಲವೆಂದರೆ ಏಪ್ರಿಲ್-ಮೇ. ಅದಕ್ಕೆ ಸಂಬಂಧಿಸಿದ ಅರ್ಜಿಗೆ ತಕರಾರು ಸಲ್ಲಿಸಲು ಎರಡು ವಾಯಿದೆ ಸಿಕ್ಕರೆ ಶಾಲೆ ಪುನರಾರಂಭವಾಗುತ್ತದೆ, ಹೈಕೋರ್ಟ್‌ಗೆ ಹೋದರೆ ಅಲ್ಲಿಯೂ ಬೇಸಿಗೆ ರಜೆ. ಶಾಲೆಗಳ ವಾರ್ಷಿಕ ವೇಳಾಪಟ್ಟಿ ಶಿಕ್ಷಣ ಇಲಾಖೆಯಿಂದ ಮೊದಲೇ ಪ್ರಕಟವಾಗುವ ರಾಜ್ಯದಲ್ಲಿ, ರಜೆಯ ಭೇಟಿ ಕುರಿತ ಅರ್ಜಿಗಳನ್ನೆಲ್ಲ ಮಾರ್ಚ್ ಕೊನೆಯೊಳಗೆ ತೀರ್ಮಾನಿಸಬೇಕೆಂದು ಒಂದು ಸುತ್ತೋಲೆ ಹೊರಡಿಸಲು ಬೇಕಾಗುವುದು ಒಂದು ಹಾಳೆ ಕಾಗದ.